ಕರೆಂಟೋ ಪೆಟ್ರೋಲೋ: ಸ್ಟಾರ್ಟಾಗದ ಕಾರಿನ ಮುಂದೆ ಮೆಕ್ಯಾನಿಕ್

ಬಂಗಾಳದ ಉತ್ತರಪಾರಾದಲ್ಲಿ 1957ರಲ್ಲಿ ತಯಾರಾಗತೊಡಗಿದ ಅಂಬಾಸಿಡರ್ 2014ರವರೆಗೂ ತಯಾರಾಗುತ್ತಲೇ ಇತ್ತು. ಮುಂಬೈಯ ಕುರ್ಲಾದಲ್ಲಿ 1964ರ ಫಿಯೆಟ್ 1100 ಡಿಲೈಟ್ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿಯಾಗಿ 2000ದ ಹೊತ್ತಿನವರೆಗೂ ಬಾಳಿತು. ಲೈಸೆನ್ಸ್ ಕಾಲದ ಈ ಜಡತೆಯನ್ನು ಅರ್ಥಶಾಸ್ತ್ರಜ್ಞರು ಟೀಕಿಸಿದ್ದಾರೆ, ಬುಕ್ ಮಾಡಿದವರು ವರ್ಷಗಟ್ಟಲೆ ಕಾದು ಬೇಸತ್ತಿದ್ದಾರೆ, ಎರಡೂ ನ್ಯಾಯವೇ. ಆದರೆ ಅದೇ ಜಡತೆಯಲ್ಲಿ ಒಂದು ವಿದ್ಯೆಯೂ ಬೆಳೆಯಿತು. ಎರಡು ಮೂರು ಎಂಜಿನ್‌ಗಳನ್ನೇ ಹತ್ತಾರು ವರ್ಷ ಬಿಚ್ಚಿ ಜೋಡಿಸಿದ ಊರೂರಿನ ಗ್ಯಾರೇಜುಗಳು, ಸ್ಟಾರ್ಟಾಗದ ಕಾರಿನ ಕಾಯಿಲೆ ಪತ್ತೆಹಚ್ಚುವುದನ್ನು ಕರಗತ ಮಾಡಿಕೊಂಡವು. ಅದನ್ನು ಕೈಚಳಕ, ಅಂದಾಜು ಎಂದು ಕರೆದು ಸುಮ್ಮನಾಗುವುದು ರೂಢಿ. ನನ್ನ ಪ್ರಕಾರ ಅದೊಂದು ಶಿಸ್ತಾದ ತರ್ಕ. ಎಂಜಿನ್ನು ತನ್ನ ಸಾಕ್ಷ್ಯವನ್ನೆಲ್ಲ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಆ ತರ್ಕ ನಡೆಯುತ್ತಿದ್ದ ಬಗೆ ನೋಡಿ. ಮೊದಲು ಕಿವಿಗೆ ಕೆಲಸ. ಸೆಲ್ಫ್ ಹೊಡೆದಾಗ ಬರೀ 'ಟಕ್' ಎಂದು ನಿಂತರೆ, ಇಲ್ಲವೇ ಎಳೆದೆಳೆದು ತಿರುಗಿದರೆ, ಸಂಶಯ ಬ್ಯಾಟರಿ, ಟರ್ಮಿನಲ್, ಅರ್ತ್ ವೈರಿನ ಮೇಲೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲೇ ಬಂದಿದ್ದರೂ ಅಂಬಾಸಿಡರ್‌ಗೆ ಹ್ಯಾಂಡಲ್ ಹಾಕುವ ವ್ಯವಸ್ಥೆ ಉಳಿದಿತ್ತು. ಹ್ಯಾಂಡಲ್ಲಿಗೆ ಎದ್ದು ಸೆಲ್ಫಿಗೆ ಏಳದ ಕಾರು ತನ್ನ ದೋಷ ಎಲ್ಲಿದೆಯೆಂದು ತಾನೇ ಹೇಳಿದಂತೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪ್ರಶ್ನೆ ಒಂದೇ: ಕರೆಂಟೋ, ಪೆಟ್ರೋಲೋ? ಪ್ಲಗ್ ವೈರನ್ನು ಕಿತ್ತು ಬ್ಲಾಕಿನ ಹತ್ತಿರ ಹಿಡಿದು ಸೆಲ್ಫ್ ಹೊಡೆಸಿದರೆ ನೀಲಿ ಕಿಡಿ ಚಟ್ಟನೆ ಹಾರಬೇಕು. ಹಾರಲಿಲ್ಲವೆಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಪಸೆ ಇದೆಯೇ, ಪಾಯಿಂಟ್ ಸುಟ್ಟಿದೆಯೇ, ಕಂಡೆನ್ಸರ್ ಹೋಗಿದೆಯೇ ಎಂದು ನೋಡಬೇಕು. ಕಿಡಿ ಸರಿಯಿದ್ದರೆ ಪ್ಲಗ್ ಬಿಚ್ಚಬೇಕು. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ; ಎಸಿ ಪಂಪಿನ ಪೈಪು ಸಡಿಲಿಸಿ ಪರೀಕ್ಷಿಸಬೇಕು. ತೊಯ್ದಿದ್ದರೆ ಚೋಕ್ ಹೆಚ್ಚು ಎಳೆದು ಓವರ್‌ಫ್ಲೋ ಆಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಪ್ರತಿ ಹೆಜ್ಜೆಯಲ್ಲೂ ಸಂಶಯಗಳ ಗುಂಪಿನಿಂದ ಒಂದಷ್ಟು ಹೊರಬೀಳುತ್ತವೆ. ಅಳತೆಯಿಲ್ಲದ ಕೆಲಸವೂ ಇದಲ್ಲ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಪಾಯಿಂಟಿನ ಗ್ಯಾಪ್ 0.015 ಇಂಚಿನಷ್ಟು, ಪ್ಲಗ್ಗಿನದು 0.025 ಇಂಚು. ಗೇಜ್ ಇಲ್ಲದ ಕಡೆ ಹ್ಯಾಕ್ಸಾ ಬ್ಲೇಡಿನ ತುಂಡೇ ಪ್ಲಗ್ಗಿಗೆ ಗೇಜಾಗುತ್ತಿತ್ತು. ಆ ಬ್ಲೇಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಪ್ಲಗ್ಗುಗಳೂ ದೂರದಿಂದ ಬರಬೇಕಿರಲಿಲ್ಲ, 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಅವನ್ನು ಬೆಂಗಳೂರಿನಲ್ಲೇ ತಯಾರಿಸುತ್ತಿತ್ತು.

ಇದನ್ನು ಬರೀ ಅಭ್ಯಾಸಬಲ ಎನ್ನುವವರಿಗೆ ವೇಪರ್ ಲಾಕ್ ಒಳ್ಳೆಯ ಉತ್ತರ. ಘಾಟಿ ಹತ್ತಿ ಬಂದ ಕಾರನ್ನು ಚಹಾಕ್ಕೆಂದು ನಿಲ್ಲಿಸಿದರೆ, ಎಂಜಿನ್ನಿನ ಕಾವಿಗೆ ಪಂಪು ಪೈಪುಗಳಲ್ಲಿದ್ದ ಪೆಟ್ರೋಲ್ ಆವಿಯಾಗುತ್ತದೆ. ದ್ರವ ಎತ್ತಲೆಂದು ಮಾಡಿದ ಪಂಪು ಆವಿಯನ್ನು ಎತ್ತಲಾರದು. ಹೊರಗಿನಿಂದ ನೋಡಿದವರಿಗೆ ಚಳಿಯ ಬೆಳಗಿನಲ್ಲಿ ಮುಷ್ಕರ ಹೂಡಿದ ಕಾರಿಗೂ ಇದಕ್ಕೂ ವ್ಯತ್ಯಾಸವಿಲ್ಲ: ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅಂದಾಜಿನ ಮೇಲೆ ಹೋಗುವವನು ಎರಡಕ್ಕೂ ಚೋಕ್ ಎಳೆದಾನು. ಬಲ್ಲವನು ಯಾವಾಗ ಕೈಕೊಟ್ಟಿತು, ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಒಂದೇ ಲಕ್ಷಣದ ಹಿಂದಿನ ಎರಡು ಕಾರಣಗಳನ್ನು ಕಾಲ ಕೇಳಿ ಬೇರ್ಪಡಿಸುವುದು ವೈದ್ಯರು ಮಾಡುವ ಕೆಲಸವೇ.

ಕೆಟ್ಟ ಕಾರುಗಳಿದ್ದದ್ದರಿಂದ ತಾನೇ ಆ ವಿದ್ಯೆ ಬೇಕಾಗಿದ್ದು ಎಂಬ ಆಕ್ಷೇಪ ಗಟ್ಟಿಯಾದದ್ದು. ಒಪ್ಪುತ್ತೇನೆ. ಪಾಯಿಂಟ್ ಸವೆಯುತ್ತಿತ್ತು, ಕಾರ್ಬ್ಯುರೇಟರ್ ಪೆಟ್ರೋಲ್ ಪೋಲು ಮಾಡಿ ಹೊಗೆ ಉಗುಳುತ್ತಿತ್ತು. 2000ರ ಸುಮಾರಿಗೆ ಹೊಗೆಯ ನಿಯಮ ಬಿಗಿಯಾಗಿ ಮಾರುತಿ 800ಕ್ಕೂ ಎಂಪಿಎಫ್‌ಐ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಬಂದಮೇಲೆ ಚೋಕ್ ಎಳೆಯುವ ಕಷ್ಟ ತಪ್ಪಿತು. ಎಂಜಿನ್ನಿನ ಬಿಸಿಯನ್ನು ಅಳೆದು ಪೆಟ್ರೋಲ್ ಎಷ್ಟೆಂದು ಇಸಿಯು ಎಂಬ ಕಂಪ್ಯೂಟರ್ ತಾನೇ ನಿರ್ಧರಿಸುತ್ತದೆ. ಆ ಹಳೆಯ ಹೊಗೆ ಯಾರಿಗೂ ಬೇಡ. ಆದರೆ ಇದರ ಬೆನ್ನಿಗೇ ಬರುವ ಇನ್ನೊಂದು ಮಾತನ್ನು ಒಪ್ಪಲಾರೆ: ಬಿಎಸ್ 4 ಹೊಗೆ ನಿಯಮದ ಜೊತೆಗೆ 2010ರಿಂದ ಒಬಿಡಿ ಎಂಬ ದೋಷಪತ್ತೆ ವ್ಯವಸ್ಥೆ ಬಂದಿದೆ, ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದೆ, ಇನ್ನು ತರ್ಕ ಏಕೆ ಎಂಬುದು. ಪಿ0335 ಎಂಬ ಕೋಡ್ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಎನ್ನುತ್ತದೆ, ಅಷ್ಟೇ. ಕೆಟ್ಟಿದ್ದು ಸೆನ್ಸರೋ, ಇಲಿ ಕಡಿದ ವೈರೋ, ಕಿಲುಬು ಹಿಡಿದ ಕನೆಕ್ಟರೋ ಅದು ಹೇಳದು. ಬ್ಯಾಟರಿ ಸೋತಿದ್ದರೆ ಇಲ್ಲದ ದೋಷಗಳ ಕೋಡುಗಳೂ ಮೂಡುತ್ತವೆ. ಬಿಸಿಯಲ್ಲಿ ಕೈಕೊಟ್ಟು ತಣಿದಾಗ ಸರಿಹೋಗುವ ಸೆನ್ಸರ್‌ಗಳಿವೆ. ಅವನ್ನು ಹಿಡಿಯಲು ವೇಪರ್ ಲಾಕಿನ ಕಾಲದ 'ಯಾವಾಗ' ಎಂಬ ಪ್ರಶ್ನೆಯೇ ಬೇಕು. ಕೋಡ್ ಓದಿ ಬಿಡಿಭಾಗ ಬದಲಿಸುತ್ತಾ ಹೋದರೆ ಬಿಲ್ಲು ಬೆಳೆಯುತ್ತದೆ, ಕಾರು ನಿಂತಲ್ಲೇ ಇರುತ್ತದೆ.

ಹಾಗಿದ್ದರೆ ಊರಿನ ಗ್ಯಾರೇಜು ಸೊರಗಿದ್ದೇಕೆ? ಮೆಕ್ಯಾನಿಕ್ ಹೊಸದನ್ನು ಕಲಿಯಲಾರದೆ ಹೋದ ಎಂಬ ವಿವರಣೆ ಅರ್ಧ ಸತ್ಯ. ಅವನ ತರ್ಕಕ್ಕೆ ಬೇಕಾದ ಸಾಕ್ಷ್ಯ ಬೀಗದ ಹಿಂದೆ ಹೋಯಿತು. ಕಿಡಿಯನ್ನು ಕಣ್ಣಲ್ಲಿ ನೋಡಬಹುದಿತ್ತು, ಸೆನ್ಸರಿನ ಸಂಕೇತವನ್ನು ಅರಿಯಲು ಉಪಕರಣವೂ ವೈರಿಂಗ್ ನಕ್ಷೆಯೂ ಬೇಕು. ಇದು ಗ್ಯಾರೇಜಿನವರ ಗೊಣಗಾಟವಷ್ಟೇ ಅಲ್ಲ. ಬಿಡಿಭಾಗ, ಕೈಪಿಡಿ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಯಷ್ಟು ದಂಡ ಹಾಕಿತು. ಆದೇಶ ಮೇಲ್ಮನವಿಗೆ ಹೋಯಿತು. ದಂಡದ ಮೊತ್ತಕ್ಕಿಂತ ಆ ಆದೇಶದ ಇನ್ನೊಂದು ಭಾಗ ನನಗೆ ಮುಖ್ಯ: ಆ ಮಾಹಿತಿಯನ್ನೂ ಉಪಕರಣಗಳನ್ನೂ ಹೊರಗಿನವರಿಗೆ ಒದಗಿಸಿ ಎಂದು ಆಯೋಗ ಕಂಪನಿಗಳಿಗೆ ಹೇಳಿತ್ತು.