ಷಷ್ಠಿ ಬಿಟ್ಟುಹೋದ ಜಾಗ

ಜರ್ಮನ್ ಕಲಿಸುವ ಪಠ್ಯಪುಸ್ತಕಗಳಲ್ಲಿ ಒಂದು ಪಟ್ಟಿ ತಪ್ಪದೆ ಇರುತ್ತದೆ. ಒಂದು ಗುಣವಾಚಕ, ಅದಕ್ಕೆ ಅಂಟಿಕೊಂಡ ಒಂದು ಪ್ರೆಪೊಸಿಷನ್, ಅದು ಬೇಡುವ ವಿಭಕ್ತಿ. ಹೆಮ್ಮೆಪಡುವವನನ್ನು ಹೇಳುವ ‘ಷ್ಟೋಲ್ಟ್ಸ್’ಗೆ ‘ಔಫ್’ ಮತ್ತು ದ್ವಿತೀಯಾ. ತೃಪ್ತ ಎನ್ನುವ ‘ತ್ಸುಫ್ರೀಡನ್’ಗೆ ‘ಮಿಟ್’ ಮತ್ತು ಚತುರ್ಥಿ. ಅವಲಂಬಿತ ಎನ್ನುವ ‘ಆಬ್‌ಹೆಂಗಿಶ್’ಗೆ ‘ಫೊನ್’ ಮತ್ತು ಚತುರ್ಥಿ. ಯಾಕೆ ಹೀಗೆ ಎಂದು ಕೇಳಿದರೆ ತರಗತಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಬಾಯಿಪಾಠ ಮಾಡಿ. ಪರೀಕ್ಷೆಗೆ ಅಷ್ಟು ಸಾಕು. ಹಳೆಯ ಜರ್ಮನ್ ಓದಬೇಕಾದವರಿಗೆ, ಉದಾಹರಣೆಗೆ ಮಂಗಳೂರು, ಧಾರವಾಡಗಳಿಂದ ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲಿ ಬರೆದದ್ದನ್ನು ಓದಹೊರಟವರಿಗೆ, ಅಷ್ಟು ಸಾಲದು. ಆ ಕಾಲದ ಬರವಣಿಗೆಯಲ್ಲಿ ಪಟ್ಟಿಯ ಎಷ್ಟೋ ಜೋಡಿಗಳ ಜಾಗದಲ್ಲಿ ಬೇರೆಯದೇ ವಿಭಕ್ತಿ ಎದುರಾಗುತ್ತದೆ.

ಆ ವಿಭಕ್ತಿ ಷಷ್ಠಿ. ಹಳೆಯ ಜರ್ಮನ್ನಿನಲ್ಲಿ ತುಂಬಿದ, ಬರಿದಾದ, ದಣಿದ, ಸಂತೋಷಗೊಂಡ, ತಪ್ಪಿತಸ್ಥ ಎಂಬಂಥ ಅನೇಕ ಗುಣವಾಚಕಗಳಿಗೆ ಪ್ರೆಪೊಸಿಷನ್ನಿನ ಹಂಗಿರಲಿಲ್ಲ. ಯಾವುದರಿಂದ ತುಂಬಿದೆ, ಯಾವುದರಿಂದ ದಣಿದಿದೆ ಎಂಬುದನ್ನು ನಾಮಪದದ ಷಷ್ಠಿ ರೂಪವೇ ಹೇಳುತ್ತಿತ್ತು. 16ನೇ ಶತಮಾನದ ಲೂಥರನ ಬೈಬಲ್ ಅನುವಾದದಲ್ಲೂ ತುಂಬಿದ ಎನ್ನುವ ‘ಫೊಲ್’ ಷಷ್ಠಿಯೊಡನೆ ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ.

ಹಾಗಿದ್ದ ಷಷ್ಠಿ ಜಾಗ ಖಾಲಿ ಮಾಡಿದ್ದು ಹೇಗೆ? ಕಾರಣಗಳು ಹಲವು. ನನಗೆ ಎಲ್ಲಕ್ಕಿಂತ ರೋಚಕವಾಗಿ ಕಾಣುವುದು ಒಂದು ಪುಟ್ಟ ಸರ್ವನಾಮದ ಕಥೆ. ‘ಅದು’ ಎನ್ನಲು ಮಧ್ಯಕಾಲದ ಜರ್ಮನ್ನಿನಲ್ಲಿ ಪ್ರಥಮಾ ಮತ್ತು ದ್ವಿತೀಯಾ ರೂಪ ಒಂದೇ ಆಗಿತ್ತು, ಷಷ್ಠಿಯ ರೂಪ ಬೇರೆ. ಎರಡೂ ನಮ್ಮ ಕಿವಿಗೆ ‘ಎಸ್’ ಎಂದೇ ಕೇಳಿಸಬಹುದು, ಆದರೆ ಕೊನೆಯ ವ್ಯಂಜನಗಳು ಆಗ ಬೇರೆಬೇರೆ. ಮೊದಲನೆಯದು ನಮ್ಮ ‘ಸ’ದಂತೆ, ಬರವಣಿಗೆಯಲ್ಲಿ ಅದಕ್ಕೆ ‘ತ್ಸೆಟ್’ ಎಂಬ ಅಕ್ಷರ. ಷಷ್ಠಿಯದು ‘ಸ’ ಮತ್ತು ‘ಶ’ಗಳ ನಡುವಿನ ಧ್ವನಿಯಾಗಿತ್ತೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಸುಮಾರು 13ನೇ ಶತಮಾನದಿಂದೀಚೆಗೆ ಈ ಎರಡು ಧ್ವನಿಗಳು ಒಂದಾದವು. (ನಾವು ‘ಶ’, ‘ಷ’ಗಳನ್ನು ಬರೆಯುವಾಗ ಬೇರೆ ಇಟ್ಟು ಮಾತಿನಲ್ಲಿ ಒಂದೇ ಮಾಡಿಕೊಂಡ ಹಾಗೆ.)

ಧ್ವನಿ ಒಂದಾದ ಮೇಲೆ ವ್ಯಾಕರಣ ಜಾರಿತು. ‘ಇಶ್ ಬಿನ್ ಎಸ್ ಮ್ಯೂಡೆ’ ಅಂದರೆ ನನಗದು ಸಾಕಾಗಿದೆ. ಈ ‘ಎಸ್’ ಹುಟ್ಟಿನಿಂದ ಷಷ್ಠಿ. ಹಾಗೆಂದು ಕೇಳುವವರಿಗೆ ತಿಳಿಯುವುದು ಹೇಗೆ? ಮುಂದಿನ ತಲೆಮಾರುಗಳು ಅದನ್ನು ದ್ವಿತೀಯಾ ಎಂದುಕೊಂಡವು. ಸರ್ವನಾಮ ಇದ್ದಲ್ಲಿ ಪೂರ್ಣ ನಾಮಪದವನ್ನೂ ದ್ವಿತೀಯಾದಲ್ಲೇ ಇಡತೊಡಗಿದವು. ಇಂದು ಗದ್ದಲ ಸಾಕಾಯಿತು ಎನ್ನಲು ‘ಜಟ್’ ಅಥವಾ ‘ಲೈಟ್’ ಬಳಸುವ ಜರ್ಮನ್ನರು ಗದ್ದಲವನ್ನು ದ್ವಿತೀಯಾದಲ್ಲಿ ಹೇಳುತ್ತಾರೆ. ಹಳಗನ್ನಡ ವ್ಯಾಕರಣ ಓದಿದವರಿಗೆ ವಿಭಕ್ತಿಪಲ್ಲಟ ನೆನಪಾಗಬಹುದು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್‌ಗೆ, ತನ್ನ ಮಾತೃಭಾಷೆಯ ಈ ಪಲ್ಲಟ ಆಗ ಹೊಳೆದಿತ್ತೋ ಏನೋ!

ಎಲ್ಲ ಪದಗಳೂ ಈ ದಾರಿ ಹಿಡಿಯಲಿಲ್ಲ. ‘ತ್ಸುಫ್ರೀಡನ್’ ಕೂಡ ಒಮ್ಮೆ ಷಷ್ಠಿಯದೇ ‘ಎಸ್’ ಕಟ್ಟಿಕೊಂಡು ಬರುತ್ತಿತ್ತು, ಹಳೆಯ ಪುಸ್ತಕಗಳಲ್ಲಿ ಈಗಲೂ ಸಿಗುತ್ತದೆ. ಆಮೇಲೆ ಅದು ‘ಮಿಟ್’ ಹಿಡಿಯಿತು. ಸಮೃದ್ಧ ಎನ್ನುವ ‘ರೈಶ್’ ಹಿಡಿದದ್ದು ‘ಆನ್’, ಮುಕ್ತ ಎನ್ನುವ ‘ಫ್ರೈ’ ಹಿಡಿದದ್ದು ‘ಫೊನ್’. ಹೀಗೆ ಷಷ್ಠಿ ತೆರವು ಮಾಡಿದ ಜಾಗಕ್ಕೆ ಒಂದೊಂದು ಪದವೂ ತನಗೆ ಒಗ್ಗಿದ ಪ್ರೆಪೊಸಿಷನ್ ತಂದುಕೊಂಡಿದೆ. ಬಾಯಿಪಾಠದ ಪಟ್ಟಿ ಅಷ್ಟೊಂದು ಅಡ್ಡಾದಿಡ್ಡಿಯಾಗಿ ಕಾಣುವುದಕ್ಕೆ ಇದೊಂದು ಕಾರಣ.

ಆದರೂ ಒಗ್ಗುವುದರಲ್ಲಿ ಸ್ವಲ್ಪ ತರ್ಕವಿದೆ. ‘ಔಫ್’ ಅಂದರೆ ಮೇಲೆ. ಮೇಜಿನ ಮೇಲೆ ಇರುವುದಕ್ಕೆ ಚತುರ್ಥಿ, ಮೇಜಿನ ಮೇಲಕ್ಕೆ ಇಡುವುದಕ್ಕೆ ದ್ವಿತೀಯಾ. ಸಿಟ್ಟು, ಅಸೂಯೆ, ಹೆಮ್ಮೆ, ಕುತೂಹಲಗಳ ಗುಣವಾಚಕಗಳು ‘ಔಫ್’ ಜೊತೆ ದ್ವಿತೀಯಾ ಬೇಡುತ್ತವೆ, ಏಕೆಂದರೆ ಭಾವನೆ ಒಬ್ಬರ ಕಡೆಗೆ ಹೊರಟಿರುತ್ತದೆ. ಒಂದು ಕಣ್ಣು ಕುರುಡು ಎನ್ನುವಾಗಲೂ ‘ಔಫ್’ ಬರುತ್ತದೆ, ಅಲ್ಲಿ ಚತುರ್ಥಿ. ಕುರುಡು ಎಲ್ಲಿಗೂ ಹೊರಟಿಲ್ಲ. ಕನ್ನಡದವರಿಗೆ ಇದು ಕಷ್ಟವಾಗಬಾರದು. ನಾವೂ ಅವನ ಮೇಲೆಯೇ ಸಿಟ್ಟಾಗುತ್ತೇವೆ, ಅವನ ಮೇಲೆಯೇ ಹೊಟ್ಟೆಕಿಚ್ಚು ಪಡುತ್ತೇವೆ.

2004ರಲ್ಲಿ ಬಾಸ್ಟಿಯನ್ ಜಿಕ್ ಎಂಬ ಪತ್ರಕರ್ತರ ಪುಸ್ತಕವೊಂದು ಜರ್ಮನಿಯಲ್ಲಿ ಭಾರಿ ಮಾರಾಟ ಕಂಡಿತು. ಚತುರ್ಥಿಯೇ ಷಷ್ಠಿಯ ಸಾವು ಎಂಬರ್ಥದ ಅದರ ತಲೆಬರಹ ಮನೆಮಾತಾಯಿತು. ತಮಾಷೆಯಾಗಿ ಚೆನ್ನಾಗಿದೆ. ಗುಣವಾಚಕಗಳ ಮಟ್ಟಿಗೆ ಮಾತ್ರ ಈ ಆರೋಪ ಪೂರ್ತಿ ನಿಲ್ಲದು. ‘ಮ್ಯೂಡೆ’ಯ ಪ್ರಕರಣದಲ್ಲಿ ಷಷ್ಠಿಯ ಜಾಗಕ್ಕೆ ಬಂದದ್ದು ದ್ವಿತೀಯಾ, ಅದೂ ಎರಡು ಧ್ವನಿಗಳು ಬೆರೆತದ್ದರಿಂದ.

ಇನ್ನೊಂದು ಮಾತು, ಷಷ್ಠಿ ಪೂರ್ತಿ ಸತ್ತಿಲ್ಲ. ಕೊಲೆಯ ತಪ್ಪಿತಸ್ಥ ಎನ್ನಲು ಕಾನೂನಿನ ಭಾಷೆ ‘ಶುಲ್ಡಿಶ್’ ಜೊತೆ ಇವತ್ತಿಗೂ ಷಷ್ಠಿಯನ್ನೇ ಇಡುತ್ತದೆ. ಜಗಳಕ್ಕೆ ನೀನೇ ಕಾರಣ ಎನ್ನುವ ಮನೆಮಾತಿಗೆ ‘ಶುಲ್ಟ್’ ಮತ್ತು ‘ಆನ್’ ಸಾಕು. ಅರಿವುಳ್ಳ ಎನ್ನುವ ‘ಬೆವುಸ್ಟ್’ನದು ಇನ್ನೂ ವಿಚಿತ್ರ. ನನಗೆ ಅದರ ಅರಿವಿದೆ ಎನ್ನಲು ಶಿಷ್ಟ ಬರವಣಿಗೆ ಷಷ್ಠಿಯನ್ನು ಬಳಸುತ್ತದೆ, ಅದರ ಬದಲು ಪ್ರೆಪೊಸಿಷನ್ ಯಾವುದೂ ಬಂದು ಕೂತಿಲ್ಲ. ಷಷ್ಠಿ ಭಾರವೆನಿಸಿದವರು ವಾಕ್ಯವನ್ನೇ ತಿರುಗಿಸಿ ‘ದಾಸ್ ಇಸ್ಟ್ ಮಿಯರ್ ಬೆವುಸ್ಟ್’ ಎನ್ನುತ್ತಾರೆ. ‘ಅದು’ ಪ್ರಥಮಾದಲ್ಲಿ, ‘ನನಗೆ’ ಚತುರ್ಥಿಯಲ್ಲಿ. ನಮ್ಮ ‘ಅದು ನನಗೆ ಗೊತ್ತು’ ಎಂಬುದರಲ್ಲಿ ಇರುವ ಹಾಗೆಯೇ.