ಬೋರರ್‌ಗೆ ಕಾಲೆಷ್ಟು?

ಜಾವಳಿ ಕಡೆಯ ಬೆಳೆಗಾರರ ಮುಂದೆ 'ಬೋರರ್' ಅಂದು ನೋಡಿ, ಮಾತಿನ ಧಾಟಿಯೇ ಬದಲಾಗುತ್ತೆ. ಪುಸ್ತಕದಲ್ಲಿ ಇದು ಬಿಳಿ ಕಾಂಡಕೊರಕ. ವಿಜ್ಞಾನಿಗಳಿಗೆ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. 1863ರಲ್ಲಿ ಷೆವ್ರೊಲಾ ಇಟ್ಟ ಹೆಸರು. ಕ್ವಾಡ್ರಿಪೆಸ್ ಅಂದ್ರೆ ನಾಲ್ಕು ಕಾಲಿನದು! ದಿನಾ ಕೋಡ್ ಬರೆಯೋ ನನಗೆ ಇದು ಹೆಸರು ತಪ್ಪಿದ ವೇರಿಯಬಲ್ ಥರ ಕಾಣುತ್ತೆ. ಯಾಕಂದ್ರೆ ಇದೊಂದು ದುಂಬಿ, ಕಾಲು ಆರು. ಮರಿಹುಳವಾಗಿದ್ದಾಗಲಂತೂ ಕಾಲೇ ಇಲ್ಲವೇನೋ ಅನ್ನೋ ಹಾಗಿರುತ್ತೆ.

ಆದ್ರೂ ಇದು ಸಂಧಿಪದಿಯೇ. ಆ ಗುಂಪನ್ನ ಗುರುತಿಸೋದು ಕಾಲಿನ ಲೆಕ್ಕದಿಂದಲ್ಲ. ಒಳಗೆ ಮೂಳೆಯಿಲ್ಲ, ಹೊರಗೆ ಕೈಟಿನ್ ಕವಚ. ಖಂಡ ಖಂಡವಾಗಿ ಜೋಡಿಸಿದ ಮೈ, ಕೀಲಿರುವ ಕಾಲು. ಕವಚ ಮೈ ಜೊತೆ ಬೆಳೆಯೋಲ್ಲ, ಹಾಗಾಗಿ ದೊಡ್ಡದಾಗಬೇಕಂದ್ರೆ ಪೊರೆ ಕಳಚಲೇಬೇಕು. ಈ ಲಕ್ಷಣ ನೆನಪಿಟ್ಟುಕೊಂಡು ತೋಟ ಸುತ್ತಿ. ಹಳ್ಳದ ಏಡಿ, ದರಗಿನಡಿಯ ಚೇಳು, ಜರಿ, ಮುಟ್ಟಿದ್ರೆ ಚಕ್ಕುಲಿಯಾಗೋ ಸಹಸ್ರಪದಿ, ಜೇಡ, ಕಾಫಿ ಹೂವಿಗೆ ಮುತ್ತೋ ಜೇನು.. ಎಲ್ಲಾ ಒಂದೇ ಕುಲ. 1758ರಲ್ಲಿ ಲಿನೇಯಸ್ ಏಡಿ, ಜೇಡಗಳನ್ನೂ ಕೀಟಗಳ ಪಟ್ಟಿಗೇ ಸೇರಿಸಿದ್ದ. ಹೆಸರಿಟ್ಟ ಪ್ರಾಣಿ ಪ್ರಭೇದಗಳಲ್ಲಿ ಹೆಚ್ಚುಕಮ್ಮಿ ಶೇ. 80 ಇವೇ.

ಈ ದೊಡ್ಡ ಕುಲದ ಒಂದು ಸಣ್ಣ ದುಂಬಿ ನಮ್ಮ ಬೆಟ್ಟಗಳ ಚರಿತ್ರೆಗೇ ಕೈ ಹಾಕಿತು. 1860ರ ದಶಕದಲ್ಲಿ ಕೊಡಗು, ಮೈಸೂರು, ವಯನಾಡಿನ ಕಾಫಿ ತೋಟಗಳು ಬೋರರ್‌ನಿಂದ ತತ್ತರಿಸಿದವು. ತನಿಖೆ ಮಾಡಿದ್ದು ಜಾರ್ಜ್ ಬಿಡಿ ಅನ್ನೋ ವೈದ್ಯರು. ಅವರ ವರದಿ 1869ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಬಿಸಿಲು ಬೀಳೋ ಕಾಂಡದ ತೊಗಟೆ ಸಂದಿ ಅಂದ್ರೆ ಹೆಣ್ಣು ದುಂಬಿಗೆ ಇಷ್ಟ, ಮೊಟ್ಟೆ ಇಡೋದು ಅಲ್ಲೇ. ಮರಿಹುಳ ಕಾಂಡದೊಳಗೆ ಸುರಂಗ ಕೊರೀತಾ ತಿಂಗಳುಗಟ್ಟಲೆ ಕಳೆಯುತ್ತೆ. ಅಲ್ಲಿಗೆ ಯಾವ ಔಷಧಿ ತಲುಪಬೇಕು ಹೇಳಿ? ಕಾಡು ಬಟಾಬಯಲು ಮಾಡಿ ಕಾಫಿ ಹಾಕಿದವರು ಈ ಹುಳಕ್ಕೆ ಎಲೆ ಹಾಕಿ ಬಡಿಸಿದಂತಾಯ್ತು.

1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾಯ್ತು. ಆಮೇಲೆ ಎಷ್ಟೋ ಪ್ರಯೋಗಗಳಾದವು, ಗಂಧದ ಬಲೆಗಳೂ ಬಂದವು. ಆದ್ರೆ ತೋಟದಲ್ಲಿ ಮುಖ್ಯ ಮದ್ದು ಇವತ್ತಿಗೂ ಹಳೇದೇ. ನೆರಳು ಕಾಪಾಡೋದು, ಕಾಂಡದ ತೊಗಟೆ ಉಜ್ಜೋದು, ದುಂಬಿ ಹಾರೋ ಕಾಲಕ್ಕೆ ಮೊದಲೇ ಹುಳ ಬಿದ್ದ ಗಿಡ ಹುಡುಕಿ, ಕಿತ್ತು, ಸುಡೋದು. ವರ್ಷಗಟ್ಟಲೆ ಸಾಕಿದ ಗಿಡ!

ರೋಬಸ್ಟಾದಲ್ಲಿ ಈ ಹುಳದ ಆಟ ನಡೆಯೋಲ್ಲ. "ಅರೇಬಿಕಾ ತೆಗೆದು ರೋಬಸ್ಟಾ ಹಾಕೋಣ ಮಾರಾಯ" ಅಂತ ಅಪ್ಪ ಪ್ರತಿ ಸಲ ಫೋನಿನಲ್ಲಿ ಹೇಳ್ತಾರೆ. ಅದರ ಜೊತೆ ನೆರಳಿನ ಮರಗಳೂ ಹೋಗ್ತವೆ ಅನ್ನೋದು ನನ್ನ ಭಯ. ರೋಬಸ್ಟಾಗೆ ಅಷ್ಟು ನೆರಳು ಬೇಡ ನೋಡಿ. ಅರೇಬಿಕಾಗೆ ನೆರಳು ಬೇಕೇ ಬೇಕು ಅಂತ ನಮ್ಮೂರಿಗೆ ಹಟ ಹಿಡಿದು ಕಲಿಸಿದ ಮೇಷ್ಟ್ರುಗಳಲ್ಲಿ ಈ ಬೋರರ್ ಕೂಡ ಒಬ್ಬ. ಮೇಷ್ಟ್ರನ್ನ ಓಡಿಸೋ ಭರದಲ್ಲಿ ಪಾಠವನ್ನೂ ಮರೆತುಬಿಟ್ರೆ?

ನಿಮ್ಮ ತೋಟದಲ್ಲಿ ಏನು ಮಾಡಿದ್ರಿ? ತಿಳಿದವರು ಹೇಳಿ, ಅಪ್ಪನಿಗೂ ಓದಿ ಹೇಳ್ತೀನಿ.