ಅಜ್ಜಿ ಸೀರೆಯ ಜರಿಯಲ್ಲಿ ಚಿನ್ನ ಎಷ್ಟಿದೆ?

1/5
ಮೊಳಕಾಲ್ಮುರು ರೇಷ್ಮೆ ಸೀರೆಗೆ ಜಿಐ ಟ್ಯಾಗ್ ಇರೋದು ನಮ್ಮ ಚಳ್ಳಕೆರೆ ಕಡೆ ತುಂಬಾ ಜನಕ್ಕೆ ಗೊತ್ತು. ಅದರ ಜರಿ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಅಸಲಿ ಜರಿ ಅಂದ್ರೆ ಚಿನ್ನದ ದಾರ ಅಲ್ಲ. ಒಳಗೆ ರೇಷ್ಮೆ ಎಳೆ, ಸುತ್ತ ಚಪ್ಪಟೆ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯ ಲೆಕ್ಕ ನೋಡಿ: ಬೆಳ್ಳಿ ಶೇ. 65, ಚಿನ್ನ ಶೇ. 0.65. ಅಂದ್ರೆ 100 ಗ್ರಾಂ ಜರಿಯಲ್ಲಿ ಒಂದು ಗ್ರಾಂ ಚಿನ್ನವೂ ಇಲ್ಲ!

2/5
ಇಷ್ಟೇ ಇಷ್ಟು ಚಿನ್ನ ಯಾಕೆ? ಹೊಳಪಿಗೆ ಹೌದು, ಕಾವಲಿಗೂ ಹೌದು. ಗಾಳಿಯಲ್ಲಿರೋ ಗಂಧಕದ ಅನಿಲ ತಾಗಿದ್ರೆ ಬೆಳ್ಳಿ ಮೇಲೆ ಸಿಲ್ವರ್ ಸಲ್ಫೈಡ್ ಕಟ್ಟಿ ಕಪ್ಪಾಗುತ್ತೆ. ಚಿನ್ನಕ್ಕೆ ಏನೂ ಆಗಲ್ಲ. ಆದ್ರೆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಗೀರು ಇದ್ರೂ ಸಾಕು, ಕಪ್ಪು ಅಲ್ಲಿಂದಲೇ ಶುರು.

3/5
ಹಿಂದೆ ಬೆಳ್ಳಿ ಸರಳಿಗೆ ಚಿನ್ನದ ಹಾಳೆ ಸುತ್ತಿ, ಕಾಯಿಸಿ ಬೆಸೆದು, ಒಂದಕ್ಕಿಂತ ಒಂದು ಸಣ್ಣ ತೂತಿನ ಅಚ್ಚುಗಳಲ್ಲಿ ಎಳೀತಿದ್ರು. ಬೆಳ್ಳಿ ಉದ್ದ ಆದಂಗೆಲ್ಲ ಮೇಲಿನ ಚಿನ್ನವೂ ತೆಳ್ಳಗಾಗ್ತಾ ಹೋಗ್ತಿತ್ತು. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ಕರೆಂಟ್ ಹರಿಸಿ ಲೇಪ ಹಾಕೋ ವಿಧಾನಕ್ಕೆ ಪೇಟೆಂಟ್ ತಗೊಂಡ್ರು. ಆ ಎಲೆಕ್ಟ್ರೋಪ್ಲೇಟಿಂಗ್ ಮುಂದೆ ಜರಿಗೆ ಹೆಸರಾದ ಸೂರತ್‌ಗೂ ಬಂತು. ಈಗ ಮೊದಲು ತಂತಿ, ಆಮೇಲೆ ಚಿನ್ನ. ಬೆಲೆ ಇಳಿಸೋಕೆ ಬೆಳ್ಳಿ ಜಾಗಕ್ಕೆ ತಾಮ್ರ ಬಂತು. ಕೊನೆಗೆ ಪಾಲಿಯೆಸ್ಟರ್ ಹಾಳೆ ಮೇಲೆ ಲೋಹದ ಲೇಪ ಹಾಕಿದ ಪ್ಲಾಸ್ಟಿಕ್ ಜರಿಯೂ ಬಂತು.

4/5
ಯಾವ ಜರಿ ಯಾವ ರೀತಿದು ಅಂತ ಕಂಡುಹಿಡಿಯೋಕೆ ಆಗುತ್ತೆ. ಎಕ್ಸ್‌ಆರ್‌ಎಫ್ ಯಂತ್ರ ಸೀರೆ ಕತ್ತರಿಸದೇನೇ ಎಕ್ಸ್-ರೇ ಬಿಟ್ಟು ಚಿನ್ನ, ಬೆಳ್ಳಿ, ತಾಮ್ರದ ಪ್ರಮಾಣ ಹೇಳುತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಒಂದು ಚೂರು ಎಳೆಯನ್ನ ಅಡ್ಡ ಕುಯ್ದು ನೋಡಿದ್ರೆ ಲೇಪದ ದಪ್ಪವೂ ಕಾಣುತ್ತೆ. ಅದು ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ಕಡಿಮೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್!

5/5
"ಹಳೇ ಜರಿ ಸೀರೆ ಇದ್ರೆ ಕೊಡ್ರೀ" ಅಂತ ಓಣೀಲಿ ಕೂಗ್ತಾ ಬರ್ತಾರಲ್ಲ, ಅವರು ಕೊಂಡ ಸೀರೆ ಸುಟ್ಟು ಬೆಳ್ಳಿ ತೆಗೀತಾರೆ. ಬಿಕಾಂ ಲೆಕ್ಕದಲ್ಲಿ ಅದು ಸ್ಕ್ರ್ಯಾಪ್ ವ್ಯಾಲ್ಯೂ, ತಪ್ಪೇನಿಲ್ಲ. ಆದ್ರೆ ಆ ಸೀರೆ ಕೊಂಡ ಬಿಲ್ ಯಾರ ಮನೇಲಿ ಉಳಿದಿರುತ್ತೆ ಹೇಳಿ? ಅದು ಯಾವ ಕಾಲದ್ದು, ಜರಿ ಹೆಂಗೆ ಮಾಡಿದ್ರು ಅನ್ನೋದಕ್ಕೆ ಆ ಎಳೆಯೇ ಸಾಕ್ಷಿ. ಕರಗಿಸಿದ್ರೆ ಬೆಳ್ಳಿ ಸಿಗುತ್ತೆ, ಲೇಪ ಹೋಯ್ತು, ಸಾಕ್ಷಿನೂ ಹೋಯ್ತು.

ಮಾರಲೇಬೇಕಾದ್ರೂ ಮೊದಲು ಸೆರಗಿನ ಒಂದು ಫೋಟೋ ತೆಗೀರಿ. ಯಾರ ಮದುವೆದು, ಎಲ್ಲಿ ತಗೊಂಡಿದ್ದು ಅಂತ ಅಜ್ಜೀನ ಕೇಳಿ ಬರೆದಿಡಿ. ಬಿಚ್ಚಿರೋ ಎಳೆ ಇದ್ರೆ ಒಂದು ಕವರ್‌ನಲ್ಲಿ ಎತ್ತಿಡಿ.

ನಿಮ್ಮನೇಲಿ ಎಷ್ಟು ಹಳೇ ಸೀರೆ ಇದೆ? ಕಾಮೆಂಟ್ ಮಾಡಿ 👇
#ಮೊಳಕಾಲ್ಮುರು #ಚಳ್ಳಕೆರೆ #ಜರಿ #ನಮ್ಮಇತಿಹಾಸ